ಎರಡು ವಾರದ ಅಮೆರಿಕ ಕೋರ್ಸಿಗೆ ಆರು ಲಕ್ಷ: ಮಗಳನ್ನು ಕಳಿಸಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ಮೂಡಿಗೆರೆ ಹತ್ತಿರ ನಮ್ಮದು 5 ಎಕರೆ ಕಾಫಿ ತೋಟ. ಮಗಳು ಚಿಕ್ಕಮಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಫಸ್ಟ್ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಹುಳ, ಕೀಟ ಅಂದರೆ ಅವಳಿಗೆ ಪ್ರಾಣ. ಅಮೆರಿಕದ ದೊಡ್ಡ ಯೂನಿವರ್ಸಿಟಿಯೊಂದರ ಹೆಸರಿನಲ್ಲಿ ಇಮೇಲ್ ಬಂದಿದೆ. ಜುಲೈನಲ್ಲಿ ಎರಡು ವಾರ ಅಲ್ಲೇ ಉಳಿದು ಬಯಾಲಜಿ ಕಲಿಯಬಹುದಂತೆ. ‘ನಿಮ್ಮ ಮಗಳನ್ನು ವಿಶೇಷವಾಗಿ ಆರಿಸಿದ್ದೇವೆ’ ಎಂದು ಬರೆದಿದ್ದಾರೆ. ಫೀಸು, ವಿಮಾನ, ವೀಸಾ ಎಲ್ಲ ಸೇರಿ 6 ಲಕ್ಷದ ಹತ್ತಿರ ಆಗುತ್ತದೆ. ಈ ಸಲ ಕಾಫಿಗೆ ಒಳ್ಳೇ ರೇಟು ಸಿಕ್ಕಿದೆ, ಕೈಯಲ್ಲಿ ದುಡ್ಡಿದೆ. ಹೋಗಿ ಬಂದರೆ ಮುಂದೆ ಅಲ್ಲೇ ಸೀಟು ಸಿಗುತ್ತಾ?
– ಒಬ್ಬ ತಂದೆ, ಮೂಡಿಗೆರೆ ತಾಲ್ಲೂಕು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೋಗಿ ಬಂದ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ಬೇಸಿಗೆ ಕೋರ್ಸೇ ಬೇರೆ, ಡಿಗ್ರಿ ಅಡ್ಮಿಷನ್ನೇ ಬೇರೆ. ಹಾರ್ವರ್ಡ್ ಯೂನಿವರ್ಸಿಟಿ ಹೈಸ್ಕೂಲ್ ಮಕ್ಕಳಿಗೆ ನಡೆಸುವ ಎರಡು ವಾರದ ಪ್ರೀ-ಕಾಲೇಜ್ ಕೋರ್ಸನ್ನೇ ತಗೊಳ್ಳಿ. ಫೀಸು 5 ಸಾವಿರ ಡಾಲರ್ ದಾಟುತ್ತದೆ, ವಿಮಾನದ ಟಿಕೆಟ್ ಬೇರೆ. ಅಲ್ಲಿ ಮಾರ್ಕ್ಸ್ ಇಲ್ಲ, ಮುಂದೆ ಡಿಗ್ರಿಗೆ ಲೆಕ್ಕಕ್ಕೆ ಬರುವ ಕ್ರೆಡಿಟ್ಟೂ ಇಲ್ಲ. ಕಲಿಯುವ ಆಸೆಗೆ ಹೋಗುವವರಿಗೆ ಅದು ಒಳ್ಳೆಯ ಅನುಭವ, ಸುಳ್ಳಲ್ಲ. ಮೇಷ್ಟ್ರು ಹೇಳಿದ್ದನ್ನು ಬರೆದುಕೊಳ್ಳುವ ಬದಲು ಎದುರು ಕೂತು ವಾದ ಮಾಡುವ ಕ್ಲಾಸು ಹೇಗಿರುತ್ತದೆ ಎಂದು ಮಕ್ಕಳಿಗೆ ಗೊತ್ತಾಗುತ್ತದೆ. ಆದರೆ ಅದನ್ನು ಸೀಟಿನ ಮೊದಲ ಕಂತು ಅಂದುಕೊಂಡು ದುಡ್ಡು ಕಟ್ಟಬೇಡಿ.

ನಿಮ್ಮ ಮಗಳಿಗೆ ಬಂದಿರುವುದು ಆ ಯೂನಿವರ್ಸಿಟಿಯ ಸ್ವಂತ ಕೋರ್ಸೋ ಅಲ್ಲವೋ, ಅದನ್ನೂ ನೋಡಬೇಕು. ಹೋದ ವರ್ಷ ಸಕಲೇಶಪುರದಿಂದ ಒಬ್ಬ ತಾಯಿ, ಮಗ ಇಂಥದ್ದೇ ಪತ್ರ ಹಿಡಿದು ಹಾಸನಕ್ಕೆ ನನ್ನ ಹತ್ತಿರ ಬಂದಿದ್ದರು. ಮೂವರೂ ಕೂತು ಒಂದೊಂದೇ ಸಾಲು ಓದಿದೆವು. ಮೊದಲ ಪುಟದಲ್ಲಿ ಯೂನಿವರ್ಸಿಟಿ ಕಟ್ಟಡದ ದೊಡ್ಡ ಫೋಟೊ. ನಾಲ್ಕನೇ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ, ಕೋರ್ಸು ನಡೆಸುವುದು ಒಂದು ಖಾಸಗಿ ಕಂಪನಿ ಎಂದಿತ್ತು. ಅವರು ಹಾಸ್ಟೆಲ್ಲು, ಕ್ಲಾಸ್‌ರೂಮುಗಳನ್ನು ಬಾಡಿಗೆಗೆ ತಗೊಂಡಿದ್ದರು, ಅಷ್ಟೇ. ಅದರ ಕೆಳಗಿನ ಸಾಲು: ವೀಸಾ ಸಿಗದಿದ್ದರೂ ಮುಂಗಡ ವಾಪಸ್ ಕೊಡುವುದಿಲ್ಲ. ಹುಡುಗ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ಸುಮ್ಮನೆ ಕೂತಿದ್ದ. ಅಮ್ಮ ಆಗಲೇ ಮುಂಗಡ ಕಟ್ಟಿಯಾಗಿತ್ತು. ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಪತ್ರದಲ್ಲಿ ಈ ಎರಡು ವಿಷಯ ಎಲ್ಲಿದೆ ಎಂದು ಹುಡುಕಿ. ಮಗಳು ಪರೀಕ್ಷೆ ಬರೆದಿಲ್ಲ, ಅರ್ಜಿಯನ್ನೂ ಹಾಕಿಲ್ಲ ಅಂದರೆ ‘ವಿಶೇಷವಾಗಿ ಆರಿಸಿದ್ದೇವೆ’ ಅನ್ನುವ ಮಾತಿಗೆ ಬೆಲೆ ಇಲ್ಲ.

ಇನ್ನೊಂದು ತೊಡಕು ತಿಂಗಳಿನದು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಅಮೆರಿಕದ ಬೇಸಿಗೆ ಅಂದರೆ ಜೂನ್, ಜುಲೈ, ಆಗಸ್ಟ್. ನಮ್ಮ ರಜೆ ಏಪ್ರಿಲ್, ಮೇ. ಜುಲೈ ಹೊತ್ತಿಗೆ ನಿಮ್ಮ ಮಗಳಿಗೆ ಸೆಕೆಂಡ್ ಪಿಯುಸಿ ಪಾಠ ಜೋರಾಗಿ ನಡೆಯುತ್ತಿರುತ್ತದೆ. ಶೇ 75 ಹಾಜರಿ ಬೇಕು, ಮುಂದೆ ಸಿಇಟಿ, ನೀಟ್ ಇದೆ. ಎರಡು ವಾರದ ಕೋರ್ಸು ಅಂದರೂ ಪ್ರಯಾಣ, ವೀಸಾ ಓಡಾಟ, ಬಂದ ಮೇಲಿನ ಸುಸ್ತು ಸೇರಿ ಒಂದು ತಿಂಗಳು ಹೋಗುತ್ತದೆ.

ಹಾಗಾದರೆ ಏನು ಮಾಡುವುದು? ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಬಾಳೆಹೊನ್ನೂರಿನ ಕಡೆ ನೋಡುತ್ತಿದ್ದೆ. ಅಲ್ಲಿರುವ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಇದೆ. ಅರೇಬಿಕಾ ಬೆಳೆಗಾರರ ನಿದ್ದೆ ಕೆಡಿಸುವ ಬಿಳಿ ಕಾಂಡಕೊರಕ ಅನ್ನುವ ಹುಳದ ಮೇಲೆ ಅಲ್ಲಿ ಸಂಶೋಧನೆ ನಡೆದಿದೆ. ಆ ಹುಳ ನಿಮ್ಮ ತೋಟದಲ್ಲೂ ಇರಬಹುದು, ಅಲ್ವಾ? ಏಪ್ರಿಲ್–ಮೇನಲ್ಲಿ ದುಂಬಿ ಹೊರಬಂದು ತೊಗಟೆಯ ಸಂದಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳ ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಸರಿಯಾಗಿ ನಿಮ್ಮ ಮಗಳ ರಜೆಯ ಕಾಲ ಅದು. 50 ಗಿಡಕ್ಕೆ ನಂಬರ್ ಹಾಕಲಿ. ಕಾಂಡದ ಮೇಲೆ ಉಬ್ಬಿದ ಗೆರೆ ಎಲ್ಲಿದೆ, ಎಲೆ ಯಾವುದರಲ್ಲಿ ಹಳದಿ ಆಗಿದೆ, ನೆರಳು ಎಷ್ಟಿದೆ ಎಂದು ವಾರಕ್ಕೊಮ್ಮೆ ಬರೆಯಲಿ. ಆ ಪುಸ್ತಕ ಹಿಡಿದು, ಮೊದಲೇ ಪತ್ರ ಬರೆದು ಅನುಮತಿ ಕೇಳಿ, ನೀವೇ ಕರೆದುಕೊಂಡು ಹೋಗಿ ಅಲ್ಲಿನ ವಿಜ್ಞಾನಿಗಳಿಗೆ ತೋರಿಸಿ. ಮುಂದೆ ಯಾವ ದೇಶದ ಕಾಲೇಜಿಗೆ ಅರ್ಜಿ ಹಾಕಿದರೂ ಅವಳಿಗೆ ಬರೆಯಲು ಅವಳದೇ ವಿಷಯ ಇರುತ್ತದೆ.

ಹೊರಗೆ ಹೋಗಿ ನಾಲ್ಕು ಜನರ ಜೊತೆ ಇದ್ದು ಕಲಿಯಬೇಕು ಅನ್ನುವ ಆಸೆಯೂ ಸರಿಯೇ. ಅದಕ್ಕೆ ಪರೀಕ್ಷೆ ಇಟ್ಟು ಆರಿಸುವ ಕಡೆ ಪ್ರಯತ್ನಿಸಲಿ. ನವೆಂಬರಿನಲ್ಲಿ ಬಯಾಲಜಿ ಒಲಿಂಪಿಯಾಡ್‌ನ ಮೊದಲ ಹಂತದ ಪರೀಕ್ಷೆ ಇರುತ್ತದೆ. ಹಂತ ದಾಟಿದವರಿಗೆ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ಶಿಬಿರ. ಹರಿಯಾಣದ ಸೋನಿಪತ್‌ನಲ್ಲಿರುವ ಅಶೋಕ ಯೂನಿವರ್ಸಿಟಿಯ ಲೋಧಾ ಜೀನಿಯಸ್ ಎಂಬ ಬೇಸಿಗೆಯ ವಿಜ್ಞಾನ, ಗಣಿತ ಕಾರ್ಯಕ್ರಮಕ್ಕೆ 9ರಿಂದ 12ನೇ ತರಗತಿಯವರು ಅರ್ಜಿ ಹಾಕಬಹುದು. ಎರಡೂ ಕಷ್ಟ. ಆದರೆ ಸಿಗದೇ ಹೋದರೂ ಓದಿದ್ದು ಅವಳ ಹತ್ತಿರವೇ ಉಳಿಯುತ್ತದೆ, ನಿಮ್ಮ 6 ಲಕ್ಷವೂ ಉಳಿಯುತ್ತದೆ. ಡಿಗ್ರಿ ಹೊತ್ತಿಗೆ ಆ ದುಡ್ಡು ನಿಜವಾಗಿ ಬೇಕಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ಅವಳು ಹೋಗಲೇಬೇಕು ಅಂದರೆ ಬೈಯಬೇಡಿ. ಅಲ್ಲಿ ಏನು ಕಲಿಯಬೇಕು ಅಂತಿದ್ದೀಯ ಎಂದು ಕೇಳಿ. ಕೀಟದ ಹೆಸರು ಹೇಳಿದರೆ ಯೋಚನೆ ಮಾಡಿ. ಯೂನಿವರ್ಸಿಟಿಯ ಹೆಸರು ಮಾತ್ರ ಹೇಳಿದರೆ ಬೇಡ.

ಪ್ರಶ್ನೆ: ಮಿಸ್, ನಾನು ಹೊಳೆನರಸೀಪುರ ತಾಲ್ಲೂಕಿನ ಸರ್ಕಾರಿ ಹೈಸ್ಕೂಲಿನಲ್ಲಿ 9ನೇ ಕ್ಲಾಸ್, ಕನ್ನಡ ಮೀಡಿಯಂ. ಇಸ್ರೋದವರು ಶಾಲಾ ಮಕ್ಕಳಿಗೆ ನಡೆಸುವ ಯುವಿಕಾ ಶಿಬಿರಕ್ಕೆ ಅರ್ಜಿ ಹಾಕಲಾ? ಇಂಗ್ಲಿಷ್ ಬರಲ್ಲ ಅಂತ ಎಲ್ಲರೂ ನಗುತ್ತಾರೆ.

ಉತ್ತರ: ಹಾಕು ಪುಟ್ಟ, ಖಂಡಿತ ಹಾಕು. 2019ರಲ್ಲಿ ಶುರುವಾದ ಈ ಶಿಬಿರ ಇರುವುದೇ 9ನೇ ಕ್ಲಾಸಿನವರಿಗೆ. ಮುಂದಿನ ವರ್ಷ ಹಾಕೋಣ ಅಂದರೆ ಆಗುವುದಿಲ್ಲ. ಮೇ ತಿಂಗಳಲ್ಲಿ ಎರಡು ವಾರ, ಊಟ, ವಸತಿ, ಪ್ರಯಾಣದ ಖರ್ಚು ಅವರದೇ. ಆಯ್ಕೆಯಲ್ಲಿ 8ನೇ ಕ್ಲಾಸಿನ ಮಾರ್ಕ್ಸಿಗೆ ಶೇ 50 ತೂಕ. ಪಂಚಾಯಿತಿ ವ್ಯಾಪ್ತಿಯ ಶಾಲೆಯಲ್ಲಿ ಓದುವವರಿಗೆ ಶೇ 15 ತೂಕ ಬೇರೆ ಇದೆ. ಅಂದರೆ ನಿನ್ನಂಥವರು ಬರಲಿ ಅಂತಲೇ ಇಟ್ಟಿದ್ದಾರೆ.

ಇಂಗ್ಲಿಷಿನ ಮಾತು ನನಗೆ ಅರ್ಥವಾಗುತ್ತದೆ. ನಾನು ಮೊದಲ ಸಲ ಶಿಬಿರಕ್ಕೆ ಹೋದಾಗ ಮೂರು ದಿನ ಬಾಯಿಬಿಡಲಿಲ್ಲ. ನಾಲ್ಕನೇ ದಿನ ಪಕ್ಕದ ಹುಡುಗಿಯ ಸರ್ಕ್ಯೂಟ್ ಹತ್ತಲಿಲ್ಲ. ನಾನು ಮಾತಾಡದೇ ಒಂದು ವೈರ್ ತೆಗೆದು ಸರಿಯಾದ ಕಡೆ ಚುಚ್ಚಿದೆ. ಬಲ್ಬ್ ಹತ್ತಿತು. ಆಮೇಲೆ ಇಬ್ಬರೂ ಅರ್ಧಂಬರ್ಧ ಭಾಷೆಯಲ್ಲೇ ಗೆಳತಿಯರಾದೆವು.

ಈಗ ಮಾಡಬೇಕಾದ್ದು: ಹೆಡ್ ಮಾಸ್ಟರ್ ಹತ್ತಿರ ಹೋಗಿ 8ನೇ ಕ್ಲಾಸಿನ ಅಂಕಪಟ್ಟಿ, ಶಾಲೆ ಪಂಚಾಯಿತಿ ವ್ಯಾಪ್ತಿಯಲ್ಲಿದೆ ಎಂಬ ಪತ್ರ ತಗೋ. ವಿಜ್ಞಾನ ಮೇಳ, ಆಟೋಟ, ಸ್ಕೌಟ್ ಸರ್ಟಿಫಿಕೇಟ್ ಇದ್ದರೆ ಅದನ್ನೂ ಜೊತೆಗಿಡು. ಆನ್‌ಲೈನ್ ಕ್ವಿಜ್ ಇರುತ್ತದೆ. ಆ ದಿನ ಮನೆಯಲ್ಲಿ ನೆಟ್‌ವರ್ಕ್ ಬರದಿದ್ದರೆ ಶಾಲೆಯ ಕಂಪ್ಯೂಟರ್ ಕೊಡಿ ಎಂದು ಈಗಲೇ ಕೇಳಿಟ್ಟುಕೋ.