ಹೊಸ ಕ್ರಿಮಿನಲ್ ಕಾನೂನು ಬಂದ ಮೇಲೆ ಹಳೆಯ ಐಪಿಸಿ, ಸಂವಿಧಾನದ ಇತಿಹಾಸ ಎಲ್ಲ ಓದಬೇಕಾ?

ನಿಮ್ಮ ಪ್ರಶ್ನೆ ಓದಿದಾಗ ನನ್ನ ಕಾಲೇಜು ದಿನಗಳೇ ಎದುರು ಬಂದ ಹಾಗಾಯಿತು. ನಿಮ್ಮದು ಮಂಜೇಶ್ವರದ ಕನ್ನಡ ಮೀಡಿಯಂ, ಕ್ರಿಮಿನಲ್ ವಕೀಲನೇ ಆಗಬೇಕು ಎಂಬ ಹಟ. ಐಪಿಸಿಯ, ಅಂದರೆ ಹಳೇ ಭಾರತೀಯ ದಂಡ ಸಂಹಿತೆಯ, 302 (ಕೊಲೆ) ಈಗ ಹೊಸ ಭಾರತೀಯ ನ್ಯಾಯ ಸಂಹಿತೆಯ 103, 420 (ವಂಚನೆ) ಈಗ 318 ಎಂಬ ಪಟ್ಟಿ ಬಾಯಿಪಾಠ ಮಾಡಿದರೆ ಸಾಕಲ್ವಾ, ಸಂವಿಧಾನದ ಹಳೇ ಕೇಸುಗಳು ಯಾಕೆ ಎಂದು ಕೇಳಿದ್ದೀರಿ. ನಾನೂ ಹಾಗೇ ಪಟ್ಟಿ ಕಲಿತವನು. ಅದರಿಂದ ಒಬ್ಬ ಹುಡುಗ 84 ದಿನ ಹೆಚ್ಚಿಗೆ ಜೈಲಿನಲ್ಲಿದ್ದ.

ನನ್ನದು ಬದಿಯಡ್ಕ ಕಡೆ. ಮಂಗಳೂರಲ್ಲಿ ಕಾನೂನು ಓದಿ, ಕಾಸರಗೋಡಿನ ಒಬ್ಬ ಹಿರಿಯ ವಕೀಲರ ಹತ್ತಿರ ಜೂನಿಯರ್ ಆಗಿ ಸೇರಿದೆ. ಸೆಕ್ಷನ್ ನಂಬರುಗಳು ನಾಲಿಗೆ ತುದಿಯಲ್ಲಿದ್ದವು. 2005ರ ಮೇ ತಿಂಗಳಲ್ಲಿ ಒಂದು ಸುಲಿಗೆ ಕೇಸು ಬಂತು, ಐಪಿಸಿ 392. ಆರೋಪಿಗೆ 24 ವರ್ಷ, ಅಡಿಕೆ ಮರ ಹತ್ತುವ ಕೆಲಸ. ಹಗಲು ಹೊತ್ತು ಗುಡ್ಡೆಯ ದಾರಿಯಲ್ಲಿ ಹೆದರಿಸಿ ಸರ ಕಿತ್ತುಕೊಂಡ ಎಂದು ದೂರು. ಮೇ 12ಕ್ಕೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ತಂದು ರಿಮಾಂಡಿಗೆ, ಅಂದರೆ ವಿಚಾರಣೆಗೆ ಮೊದಲಿನ ಬಂಧನಕ್ಕೆ, ಕಳಿಸಿದರು. ಮೊದಲ ಜಾಮೀನು ಅರ್ಜಿ ವಜಾ ಆಯಿತು. ಹಿರಿಯರು ಫೈಲು ನನ್ನ ಕೈಗೆ ಕೊಟ್ಟು, "ದಿನ ಲೆಕ್ಕ ಇಟ್ಟುಕೋ" ಎಂದರು.

ಈ ದಿನದ ಲೆಕ್ಕವನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ತಾಳ್ಮೆಯಿಂದ ಓದಿ. ಪೊಲೀಸರು ಗೊತ್ತಾದ ದಿನಗಳೊಳಗೆ ತನಿಖೆ ಮುಗಿಸಿ ಚಾರ್ಜ್‌ಶೀಟ್ ಹಾಕದಿದ್ದರೆ, ಜಾಮೀನು ಕೊಡಲು ತಯಾರಿರುವ ಆರೋಪಿಯನ್ನು ಬಿಡಲೇಬೇಕು. ಕೇಸು ಗಟ್ಟಿಯಾ, ಸಾಕ್ಷಿ ಇದೆಯಾ ಎಂದು ಆಗ ಯಾರೂ ಕೇಳುವ ಹಾಗಿಲ್ಲ. ಇದಕ್ಕೆ ಡಿಫಾಲ್ಟ್ ಬೇಲ್ ಎನ್ನುತ್ತಾರೆ. ಆಗ ಇದು ಬಂಧನ, ತನಿಖೆ, ವಿಚಾರಣೆಯ ಕ್ರಮ ಹೇಳುವ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 167(2)ರಲ್ಲಿತ್ತು. ಮರಣದಂಡನೆ, ಜೀವಾವಧಿ ಅಥವಾ "ಹತ್ತು ವರ್ಷಕ್ಕಿಂತ ಕಡಿಮೆಯಿಲ್ಲದ" ಶಿಕ್ಷೆಯ ಅಪರಾಧವಾದರೆ 90 ದಿನ. ಉಳಿದವಕ್ಕೆ 60 ದಿನ. ನಾನು 392 ತೆಗೆದು ನೋಡಿದೆ. "ಹತ್ತು ವರ್ಷದವರೆಗೆ" ಎಂದಿತ್ತು. ಹತ್ತು ಕಂಡಿತು. ಹತ್ತು ಎಂದರೆ 90 ಎಂದು ಪರೀಕ್ಷೆಗೆ ಕಲಿತಿದ್ದೆ. ಡೈರಿಯಲ್ಲಿ "ಆಗಸ್ಟ್ 10" ಎಂದು ಕೆಂಪು ಶಾಯಿಯಲ್ಲಿ ಬರೆದೆ.

ತಪ್ಪು ಎಲ್ಲಿದೆ ಗೊತ್ತಾಯಿತಾ? "ಕಡಿಮೆಯಿಲ್ಲದ" ಎಂದರೆ ಕನಿಷ್ಠ ಹತ್ತು ವರ್ಷ ಕೊಡಲೇಬೇಕು. "ವರೆಗೆ" ಎಂದರೆ ಒಂದು ವರ್ಷ ಕೊಟ್ಟರೂ ನಡೆಯುತ್ತದೆ, ಹತ್ತನ್ನು ಮೀರಬಾರದು ಅಷ್ಟೇ. ಹಾಗಾಗಿ 392ಕ್ಕೆ 60 ದಿನ. ಇದು ಯಾರಿಗೂ ಗೊತ್ತಿಲ್ಲದ ಸಂಗತಿಯೂ ಆಗಿರಲಿಲ್ಲ. 386ನೇ ಸೆಕ್ಷನ್ನಿಗೂ ಹತ್ತು ವರ್ಷದವರೆಗೆ ಶಿಕ್ಷೆ. ಅದರ ಬಗ್ಗೆ ಸುಪ್ರೀಂ ಕೋರ್ಟು 2001ರಲ್ಲೇ, ರಾಜೀವ್ ಚೌಧರಿ ಕೇಸಿನಲ್ಲಿ, 60 ದಿನ ಎಂದು ಹೇಳಿತ್ತು.

ಎಣಿಸಿ ನೋಡಿ. ಮೇಯಲ್ಲಿ 20 ದಿನ, ಜೂನಿನಲ್ಲಿ 30, ಜುಲೈಯಲ್ಲಿ 10. ಜುಲೈ 10ಕ್ಕೆ 60 ಮುಗಿಯಿತು. 11ನೇ ತಾರೀಕು ಸೋಮವಾರ. ಆ ದಿನ ಬೆಳಗ್ಗೆ ಒಂದು ಪುಟದ ಅರ್ಜಿ ಕೊಟ್ಟಿದ್ದರೆ ಸಾಕಿತ್ತು. ರಿಮಾಂಡ್ ಮಾಡಿದ ದಿನವನ್ನು ಲೆಕ್ಕಕ್ಕೆ ಸೇರಿಸಬೇಕಾ ಎಂಬ ಬಗ್ಗೆ ಆಗ ಎರಡು ಮಾತಿತ್ತು, ಸೇರಿಸಬೇಕು ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಖಚಿತ ಮಾಡಿದ್ದು 2023ರಲ್ಲಿ. ಸೇರಿಸದಿದ್ದರೂ ಒಂದು ದಿನದ ವ್ಯತ್ಯಾಸ. ನಾನು ತಪ್ಪಿದ್ದು ಒಂದು ತಿಂಗಳು.

ಜುಲೈ 25ಕ್ಕೆ ಪೊಲೀಸರು ಚಾರ್ಜ್‌ಶೀಟ್ ಹಾಕಿದರು. ಈ ಹಕ್ಕಿಗೆ ಇನ್ನೊಂದು ಗುಣವಿದೆ. ಕೇಳಿದರೆ ಮಾತ್ರ ಸಿಗುತ್ತದೆ. ಕೇಳುವ ಮೊದಲು ಚಾರ್ಜ್‌ಶೀಟ್ ಬಂದರೆ ಹೋಯಿತು. ಎರಡು ವಾರ ಬಾಗಿಲು ತೆರೆದೇ ಇತ್ತು. ಹುಡುಗನಿಗೆ ಅದು ಗೊತ್ತಿರಲಿಲ್ಲ. ಗೊತ್ತಿರಬೇಕಾದವನು ನಾನು.

ಅವನ ತಾಯಿ ಬೀಡಿ ಕಟ್ಟುತ್ತಿದ್ದರು. ಪ್ರತಿ ರಿಮಾಂಡ್ ತಾರೀಕಿಗೆ ಕೆಲಸ ಬಿಟ್ಟು ಬಸ್ಸಿನಲ್ಲಿ ಬರುತ್ತಿದ್ದರು. "ವಕೀಲ್ರೇ, ಇನ್ನೆಷ್ಟು ದಿನ?" ಎಂದು ಕೇಳುವರು. "ಅಕ್ಕಾ, ಆಗಸ್ಟ್ 10ಕ್ಕೆ ಬರ್ತಾನೆ" ಎಂದು ನಾನು ಧೈರ್ಯ ಹೇಳುವೆ. ಜುಲೈ 11 ದಾಟಿದ ಮೇಲೂ ಅದೇ ಮಾತು ಹೇಳಿದ್ದೇನೆ.

ಚಾರ್ಜ್‌ಶೀಟ್ ಬಂದ ಸಂಜೆ ಹಿರಿಯರು ನನ್ನ ಡೈರಿ ನೋಡಿದರು. "ತೊಂಬತ್ತು ಅಂತ ಎಲ್ಲಿದೆ?" ಎಂದರು. ನಾನು ಸೆಕ್ಷನ್ ಒಪ್ಪಿಸಿದೆ. "ಒಪ್ಪಿಸಬೇಡ, ಓದು" ಎಂದರು. "ವರೆಗೆ" ಎಂಬಲ್ಲಿಗೆ ಬಂದಾಗ ನನ್ನ ಗಂಟಲು ಕಟ್ಟಿತು. ಕೊನೆಗೆ ಸೆಷನ್ಸ್ ಕೋರ್ಟಿನಲ್ಲಿ ಮಾಮೂಲಿ ಜಾಮೀನು ಸಿಕ್ಕಿ ಅವನು ಹೊರಗೆ ಬಂದದ್ದು ಅಕ್ಟೋಬರ್ 3ಕ್ಕೆ. ಮುಂದೆ ಕೇಸಿನಲ್ಲಿ ಖುಲಾಸೆಯೂ ಆಯಿತು. ಅವನು ಹೊರಗೆ ಬಂದ ದಿನವೇ ನಾನು ಹೇಳಿಬಿಟ್ಟೆ. "ಅಂದ್ರೆ ಜುಲೈಯಲ್ಲೇ ಬರಬಹುದಿತ್ತಾ?" ಎಂದ. ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮದ್ದು ಬಿಡುವ ಸಮಯ ಅದು" ಎಂದ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ಮದ್ದು ಬಿಡುವವನಿಗೆ (ಸಿಂಪಡಿಸುವವನಿಗೆ) ಇಡೀ ವರ್ಷದ ಸಂಪಾದನೆ ಆ ದಿನಗಳಲ್ಲೇ.

ಈಗ ನಿಮ್ಮ ಪ್ರಶ್ನೆ. ನನಗೆ ಸೆಕ್ಷನ್ ಗೊತ್ತಿತ್ತು, ಅದು ಯಾಕೆ ಹುಟ್ಟಿತು ಎಂಬುದು ಗೊತ್ತಿರಲಿಲ್ಲ. 1898ರ ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ತನಿಖೆಗಾಗಿ ಒಟ್ಟು 15 ದಿನ ಮಾತ್ರ ಹಿಡಿದಿಡಬಹುದಿತ್ತು. ತನಿಖೆ ಮುಗಿಯದಿದ್ದರೆ ಪೊಲೀಸರು ಅರೆಬರೆ ವರದಿ ಹಾಕಿ, ವಿಚಾರಣೆ ಮುಂದೂಡುವ 344ನೇ ಸೆಕ್ಷನ್ ಹಿಡಿದು, ಮತ್ತೆ ಮತ್ತೆ ರಿಮಾಂಡ್ ಪಡೆಯುತ್ತಿದ್ದರು. ಅದನ್ನು ತಡೆಯಲೆಂದೇ 1973ರ ಸಂಹಿತೆ 60 ದಿನದ ಗಡಿ ಹಾಕಿತು. ದೊಡ್ಡ ಅಪರಾಧಗಳಿಗೆ 90 ಎಂದು ಬಂದದ್ದು 1978ರ ತಿದ್ದುಪಡಿಯಿಂದ. ಅಂದರೆ 60 ನಿಯಮ, 90 ಅದಕ್ಕೆ ವಿನಾಯಿತಿ. ಇದೊಂದು ಗೊತ್ತಿದ್ದರೂ "ಇದು ನಿಜಕ್ಕೂ ವಿನಾಯಿತಿಗೆ ಸೇರುತ್ತದಾ?" ಎಂದು ಒಮ್ಮೆ ಕೇಳಿಕೊಳ್ಳುತ್ತಿದ್ದೆ. ಪಟ್ಟಿ ಕಲಿತವನಿಗೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಇದರ ಕೆಳಗೆ ಸಂವಿಧಾನದ 21ನೇ ವಿಧಿ ಇದೆ. ಕಾನೂನು ಗೊತ್ತುಮಾಡಿದ ಕ್ರಮದಲ್ಲಲ್ಲದೆ ಯಾರ ಜೀವ, ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳಬಾರದು. ಈ ವಿಧಿಯ ಮೊದಲ ದೊಡ್ಡ ಕೇಸು ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರದು, 1950ರಲ್ಲಿ, ಮದ್ರಾಸ್ ಸರಕಾರದ ವಿರುದ್ಧ. ಮುಂದೆ ಮೂರು ಸಲ ನಮ್ಮ ಕಾಸರಗೋಡಿನ ಎಂಪಿ ಆದವರು. ಅವರು ಸೋತರು. ಶಾಸಕಾಂಗ ಮಾಡಿದ ಕ್ರಮ ಯಾವುದೇ ಇರಲಿ, ಅದನ್ನು ಪಾಲಿಸಿದರೆ ಸಾಕು ಎಂದಿತು ಬಹುಮತ. ಆ ಕ್ರಮ ನ್ಯಾಯವಾಗಿಯೂ ಇರಬೇಕು ಎನ್ನಲು 1978ರ ಮೇನಕಾ ಗಾಂಧಿ ಕೇಸಿನವರೆಗೆ ಕಾಯಬೇಕಾಯಿತು. ಮರುವರ್ಷವೇ ಹುಸೇನಾರಾ ಖಾತೂನ್ ಕೇಸು, ಬಿಹಾರದ ಜೈಲುಗಳಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದ ವಿಚಾರಣಾಧೀನರದು. ಡಿಫಾಲ್ಟ್ ಬೇಲ್ ಬರೀ ಸೆಕ್ಷನ್ನಿನ ಹಕ್ಕಲ್ಲ, 21ನೇ ವಿಧಿಯದ್ದೇ ಭಾಗ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಬಿಕ್ರಮ್‌ಜಿತ್ ಸಿಂಗ್ ಕೇಸಿನಲ್ಲಿ ಹೇಳಿತು. ಸಂವಿಧಾನ ಬೇರೆ, ಕ್ರಿಮಿನಲ್ ಬೇರೆ ಎಂಬ ನಿಮ್ಮ ವಿಂಗಡಣೆಯನ್ನೇ ನಾನು ಒಪ್ಪುವುದಿಲ್ಲ. ಕಾಲೇಜಿನಲ್ಲಿ ಪೇಪರು ಬೇರೆ, ಅಷ್ಟೇ.

ನಮ್ಮೂರಿಂದ ಚೆರ್ಕಳಕ್ಕೆ ಬರುವ ದಾರಿಯಲ್ಲೇ ಎಡನೀರು ಮಠ ಇದೆ. ಅಲ್ಲಿನ ಮಠಾಧಿಪತಿಯಾಗಿದ್ದ, ಯಕ್ಷಗಾನ ಭಾಗವತಿಕೆ ಮಾಡುತ್ತಿದ್ದ ಕೇಶವಾನಂದ ಭಾರತಿ ಸ್ವಾಮೀಜಿಯವರನ್ನು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೇರಳದ ಭೂಸುಧಾರಣೆಯ ವಿರುದ್ಧ ಅವರು 1970ರಲ್ಲಿ ಹಾಕಿದ ಅರ್ಜಿಯನ್ನು 13 ನ್ಯಾಯಮೂರ್ತಿಗಳು 68 ದಿನ ಕೇಳಿದರು. 1973ರ ಏಪ್ರಿಲ್ 24ಕ್ಕೆ 7-6ರ ತೀರ್ಪು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸುವ ಹಾಗಿಲ್ಲ. ಭೂಮಿಯ ವಿಷಯದಲ್ಲಿ ಸ್ವಾಮೀಜಿಗೆ ಬೇಕಾದದ್ದು ಸಿಗಲಿಲ್ಲ. ಆದರೆ ಇಡೀ ದೇಶಕ್ಕೆ ಸಿಕ್ಕಿತು. ನಾನು ಕಾನೂನು ಓದುವಾಗ ಆ ಮಠದ ಎದುರು ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೆ. ಒಂದು ಸಲವೂ ಆ ತೀರ್ಪನ್ನು ತೆರೆದು ಓದಿರಲಿಲ್ಲ. ಆರು ಅಂಕದ ಪ್ರಶ್ನೆಗೆ ಬೇಕಾದಷ್ಟು ಮಾತ್ರ ಗೈಡಿನಿಂದ ಕಲಿತಿದ್ದೆ.

ಆ 7-6ರಲ್ಲಿ ತಕ್ಕಡಿ ತಿರುಗಿಸಿದ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರೇ 1976ರಲ್ಲಿ, ತುರ್ತುಪರಿಸ್ಥಿತಿ ಇರುವಾಗ, ಜಬಲ್ಪುರ ಕೇಸಿನಲ್ಲಿ ಒಬ್ಬರೇ ನಿಂತರು. ಬಂಧನ ಅಕ್ರಮವಾದರೂ ಕೋರ್ಟಿಗೆ ಹೋಗುವ ಹಾಗಿಲ್ಲ ಎಂದು ಉಳಿದ ನಾಲ್ವರು ಹೇಳಿದ್ದರು. 20, 21ನೇ ವಿಧಿಗಳನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡಬಾರದು ಎಂದು ಸಂವಿಧಾನಕ್ಕೆ 44ನೇ ತಿದ್ದುಪಡಿ ಬಂದದ್ದು ಈ ಪೆಟ್ಟು ತಿಂದ ಮೇಲೆ.

ಹಳೆಯದು ಹೋಯಿತು ಎನ್ನುತ್ತೀರಿ. ಹೋಗಿಲ್ಲ. ಹೊಸ ಕಾನೂನು ಜಾರಿಯಾದ 2024ರ ಜುಲೈ 1ಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಈಗಲೂ ಐಪಿಸಿಯೇ. ಆ ಕೇಸುಗಳು ಇನ್ನೂ ಎಷ್ಟೋ ವರ್ಷ ಕೋರ್ಟಿನಲ್ಲಿರುತ್ತವೆ. ಅದಕ್ಕಿಂತ ಮುಖ್ಯ ಇನ್ನೊಂದಿದೆ. 167(2) ಈಗ, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 187(3). ನಿಮ್ಮ ಪಟ್ಟಿಯಲ್ಲಿ ಇಷ್ಟೇ ಇರುತ್ತದೆ. ಆದರೆ ಮಾತು ಬದಲಾಗಿದೆ. "ಹತ್ತು ವರ್ಷಕ್ಕಿಂತ ಕಡಿಮೆಯಿಲ್ಲದ" ಎಂದಿದ್ದುದು "ಹತ್ತು ವರ್ಷ ಅಥವಾ ಹೆಚ್ಚು" ಎಂದಾಗಿದೆ. ಹತ್ತು ವರ್ಷದವರೆಗೆ ಎಂದಿರುವ ಅಪರಾಧ ಈಗ 60ಕ್ಕೆ ಸೇರುತ್ತದಾ, 90ಕ್ಕಾ? ವಾದ ಶುರುವಾಗಿದೆ. ನಾಳೆ ನಿಮ್ಮ ಕೈಗೆ ಅಂಥದ್ದೇ ಒಂದು ಸುಲಿಗೆ ಕೇಸು ಬಂದರೆ, ಈಗ ಅದು ನ್ಯಾಯ ಸಂಹಿತೆಯ 309(4), ಅರವತ್ತೊಂದನೇ ದಿನ ಬೆಳಗ್ಗೆ ಅರ್ಜಿ ಕೊಡಲೇಬೇಕು. ಅದರ ಪರವಾಗಿ ಮಾತಾಡಲು ನಿಮಗೆ 1898, 1973, 1978, 2001 ಎಲ್ಲವೂ ಬೇಕು. ಬರೀ ಪಟ್ಟಿ ಇದ್ದರೆ ನಿಮ್ಮ ಬಾಯಿ ಕಟ್ಟಿದ ಹಾಗೆ.

ಮಂಗಳೂರಲ್ಲಿ ಸೇರಬೇಕಾ, ಕೇರಳದ ಕಾಲೇಜಿಗಾ ಎಂದೂ ಕೇಳಿದ್ದೀರಿ. ಎಲ್ಲಿ ಬೇಕಾದರೂ ಸೇರಿ. ಆದರೆ ಕಾಸರಗೋಡಿನಲ್ಲೇ ವಕೀಲಿ ಮಾಡುವುದಾದರೆ ಮಲಯಾಳ ಓದಲು ಈಗಿನಿಂದಲೇ ಕಲಿಯಿರಿ. ಮಾತಾಡಲು ಬಂದರೆ ಸಾಲದು. ಎಫ್‌ಐಆರ್, ಮಹಜರು ಮಲಯಾಳದಲ್ಲಿ ಬರುತ್ತವೆ. ಕನ್ನಡ ಬಿಟ್ಟುಕೊಡಿ ಎಂದು ನಾನು ಹೇಳುತ್ತಿಲ್ಲ. ಇಂಗ್ಲಿಷ್ ಬಾರದ ಬಂಧಿತನಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಕೊಟ್ಟ ಹಾಗಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1962ರಲ್ಲೇ ಹರಿಕಿಸನ್ ಕೇಸಿನಲ್ಲಿ ಹೇಳಿದೆ. ಅದು ಮುಂಜಾಗ್ರತೆ ಬಂಧನದ, ಅಂದರೆ ಅಪರಾಧ ನಡೆಯದಂತೆ ಮೊದಲೇ ಹಿಡಿದಿಡುವುದರ, ಕೇಸು. ಆದರೂ ಗಡಿಯ ಕನ್ನಡಿಗರ ಪರ ನಿಲ್ಲುವ ವಕೀಲನ ಬಾಯಲ್ಲಿ ಅದು ಇರಲೇಬೇಕು. ಆ ಹುಡುಗ ಮೊದಲ ದಿನ ನನಗೆ ಮಲಯಾಳದ ಕಾಗದ ತೋರಿಸಿ ಕೇಳಿದ್ದು, "ಇದರಲ್ಲಿ ಏನು ಬರ್ದಿದೆ?" ಎಂದೇ. ಆಗ ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿ ಹೇಳಿದ್ದೆ.