ನಿಮ್ಮ ತಂಗಿಗೆ ರಾತ್ರಿ ಎಷ್ಟು ಪೇಷಂಟ್?

"ನನ್ನ ತಂಗಿ ಮುಂಬೈಯಲ್ಲಿ ನರ್ಸ್. ಎರಡೇ ವರ್ಷಕ್ಕೆ ಕೆಲಸ ಬಿಡುತ್ತೇನೆ ಎನ್ನುತ್ತಾಳೆ. ಅವಳ ಮನಸ್ಸು ಅಷ್ಟು ಗಟ್ಟಿ ಇಲ್ಲವೇ?" ಎಂದು ಕೇಳಿದ್ದೀರಿ.

ದಯವಿಟ್ಟು ಅವಳ ಮನಸ್ಸನ್ನು ದೂರಬೇಡಿ. ನಾನು ಉಡುಪಿ ಕಡೆಯವಳು. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಮುಂಬೈಗೆ ಬಂದು ಹನ್ನೊಂದು ವರ್ಷ ಆಯಿತು. ಮೂರನೇ ವರ್ಷ ನಾನೂ ಊರಿಗೆ ಹೊರಟು ನಿಂತಿದ್ದೆ.

ಆಗ ನನಗೆ ಮೆಡಿಕಲ್ ವಾರ್ಡ್. ರಾತ್ರಿ 22 ಪೇಷಂಟ್‌ಗಳಿಗೆ ನಾವು ಇಬ್ಬರು. ಒಬ್ಬಳು ರಜೆ ಹಾಕಿದರೆ ನಾನೊಬ್ಬಳೇ. ಬೆಳಗ್ಗೆ ಮುಂದಿನ ಪಾಳಿಯವರಿಗೆ ಹ್ಯಾಂಡ್‌ಓವರ್ ಕೊಟ್ಟ ಮೇಲೂ ಚಾರ್ಟ್ ಬರೆಯುತ್ತಾ ಕೂರುತ್ತಿದ್ದೆ. ಆ ಹೊತ್ತು ಯಾವ ಲೆಕ್ಕಕ್ಕೂ ಇಲ್ಲ. ದಾದರ್‌ನಲ್ಲಿ ಲೋಕಲ್ ಹತ್ತಿದರೆ ಕೂತಲ್ಲೇ ನಿದ್ದೆ. ಇಳಿಯಬೇಕಾದ ಡೊಂಬಿವಲಿ ದಾಟಿ ಕಲ್ಯಾಣದಲ್ಲಿ ಎಚ್ಚರವಾದದ್ದೂ ಇದೆ.

ಆದರೆ ಸುಸ್ತು ಒಂದು ನಿದ್ದೆಗೆ ಹೋಗುತ್ತದೆ. ನನ್ನನ್ನು ಮುರಿದದ್ದು ಬೇರೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಇದು ನಮಗೆ ಮೊದಲ ವರ್ಷದ ಪಾಠ. ಗೊತ್ತಿದೆ, ಕೈಲಾಗುತ್ತಿಲ್ಲ. ಒಬ್ಬರು ಅಜ್ಜನ ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವಾಗ, ಇದು ನನ್ನಿಂದಲೇ ಆದದ್ದು ಅನಿಸುತ್ತಿತ್ತು. ಅವರು ತೀರಿಕೊಂಡ ಬೆಳಗ್ಗೆ ನನಗೆ ಅಳು ಬರಲಿಲ್ಲ. "14ನೇ ಬೆಡ್ ಖಾಲಿ, ಇನ್ನೊಂದು ಅಡ್ಮಿಷನ್ ಬರುತ್ತದೆ" ಎಂದಷ್ಟೇ ಹೊಳೆಯಿತು. ಅವತ್ತು ನನಗೆ ನನ್ನ ಬಗ್ಗೆಯೇ ಭಯವಾಯಿತು.

ಇದಕ್ಕೆ ಬರ್ನ್‌ಔಟ್ ಎನ್ನುತ್ತಾರೆ. ಕ್ರಿಸ್ಟಿನಾ ಮಾಸ್ಲಾಕ್ ಎಂಬ ಮನಶ್ಶಾಸ್ತ್ರಜ್ಞೆ ಇದನ್ನು ಅಳೆಯಲು 1981ರಲ್ಲಿ ಹೊರತಂದ ಪ್ರಶ್ನಾವಳಿ ಮೂರು ವಿಷಯ ನೋಡುತ್ತದೆ: ಮನಸ್ಸು ಬತ್ತುವುದು, ಪೇಷಂಟ್ ಮನುಷ್ಯರಂತೆ ಕಾಣದಿರುವುದು, ನನ್ನ ಕೆಲಸದಿಂದ ಏನೂ ಪ್ರಯೋಜನವಿಲ್ಲ ಅನಿಸುವುದು. ನನಗೆ ಮೂರೂ ಇತ್ತು.

ಕಾರಣಗಳಲ್ಲಿ ಒಂದು ದೊಡ್ಡದು ಪೇಷಂಟ್‌ಗಳ ಸಂಖ್ಯೆ. 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಅಧ್ಯಯನವೊಂದು ಪ್ರಕಟವಾಯಿತು. ಒಬ್ಬ ನರ್ಸ್‌ಗೆ ಒಬ್ಬ ಪೇಷಂಟ್ ಹೆಚ್ಚಾದರೆ ಬರ್ನ್‌ಔಟ್ ಸಾಧ್ಯತೆ ಶೇ 23, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಾಧ್ಯತೆ ಶೇ 7 ಜಾಸ್ತಿ ಕಂಡಿತ್ತು. ನಮ್ಮ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬ ನರ್ಸ್ ಇರಬೇಕು. ನನಗಿದ್ದದ್ದು ಹನ್ನೊಂದು, ಕೆಲವು ರಾತ್ರಿ ಇಪ್ಪತ್ತೆರಡು. ಇದರಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಎಂದರೆ ಏನು ಹೇಳಿ?

ನಾನು ಉಳಿದದ್ದು ವಾರ್ಡ್ ಬದಲಾದ್ದರಿಂದ. ಅದೇ ಆಸ್ಪತ್ರೆ, ಅದೇ ಸಂಬಳ. ಆದರೆ ಅಲ್ಲಿ ರಾತ್ರಿ ಒಬ್ಬೊಬ್ಬರಿಗೆ ಆರೇಳು ಪೇಷಂಟ್. ಇನ್‌ಚಾರ್ಜ್ ಸಿಸ್ಟರ್ ಎರಡು ವಾರ ಮೊದಲೇ ಡ್ಯೂಟಿ ಪಟ್ಟಿ ಹಾಕುತ್ತಿದ್ದರು. ನೈಟ್ ಮುಗಿದ ಮೇಲೆ ಆಫ್ ಕೊಡದೆ ಮಾರ್ನಿಂಗ್ ಹಾಕುತ್ತಿರಲಿಲ್ಲ. ಪೇಷಂಟ್ ಕಡೆಯವರು ಕೂಗಾಡಿದರೆ ತಾವೇ ಮುಂದೆ ಬಂದು ನಿಲ್ಲುತ್ತಿದ್ದರು. ಎರಡು ತಿಂಗಳಲ್ಲಿ ನಾನು ಮತ್ತೆ ಪೇಷಂಟ್‌ಗಳನ್ನು ಹೆಸರು ಹಿಡಿದು ಕರೆಯತೊಡಗಿದೆ.

ಹಾಗಾಗಿ ತಂಗಿಯ ಹತ್ತಿರ ಕೇಳಿ: ರಾತ್ರಿ ಎಷ್ಟು ಪೇಷಂಟ್? ಆಫ್ ಸರಿಯಾಗಿ ಸಿಗುತ್ತದಾ? ಇನ್‌ಚಾರ್ಜ್ ಹೇಗೆ? ಇಷ್ಟು ವರ್ಷ ಕೆಲಸ ಬಿಡುವಂತಿಲ್ಲ ಎಂಬ ಬಾಂಡ್ ಇದೆಯಾ, ಸರ್ಟಿಫಿಕೇಟ್‌ಗಳು ಅವಳ ಕೈಯಲ್ಲೇ ಇವೆಯಾ? ಓದಿನ ಸಾಲ ಇದ್ದರೆ ಕಂತಿನ ಚಿಂತೆ ಸ್ವಲ್ಪ ದಿನ ಮನೆಯವರು ಹೊತ್ತುಕೊಳ್ಳಿ. ಬದುಕೇ ಬೇಡ ಎಂಬ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಅದು ಉಚಿತ.

ಮತ್ತೆ, ಡ್ಯೂಟಿಯಿಂದ ಬಂದ ಕೂಡಲೇ ಕೇಳಬೇಡಿ. ಅವಳು ಮಲಗಿ ಎದ್ದು ಏನಾದರೂ ತಿಂದ ಮೇಲೆ ಕೇಳಿ.