ಎಐ ಸ್ಟೋರಿಬೋರ್ಡ್‌ನಲ್ಲಿ ಒಂದೇ ಪಾತ್ರದ ಮುಖ ಫ್ರೇಮಿನಿಂದ ಫ್ರೇಮಿಗೆ ಬದಲಾಗದಂತೆ ನೋಡಿಕೊಳ್ಳುವುದು ಹೇಗೆ?

ಸ್ಟೋರಿಬೋರ್ಡಿನ, ಅಂದರೆ ಚಿತ್ರೀಕರಣಕ್ಕೆ ಮೊದಲು ಒಂದೊಂದು ಶಾಟನ್ನೂ ಬಿಡಿಸಿಟ್ಟ ಚಿತ್ರಗಳ, ಎಲ್ಲ ಫ್ರೇಮುಗಳಲ್ಲೂ ನಾಯಕಿಯ ಮುಖ ಒಂದೇ ಇರಬೇಕು, ಅದಕ್ಕೆ ಯಾವ ಪ್ರಾಂಪ್ಟ್ ಬರೆಯಬೇಕು ಎಂದು ಕೇಳಿದ್ದೀರಿ. ನಾನೂ ಇದನ್ನೇ ಹುಡುಕುತ್ತಿದ್ದೆ. ನಮ್ಮ ಸಿನಿಮಾದ್ದು ಮಲ್ಪೆ ಬಂದರಿನಲ್ಲಿ ಮೀನು ಮಾರುವ, ಐವತ್ತೈದರ ಆಸುಪಾಸಿನ ಹೆಂಗಸೊಬ್ಬಳ ಕಥೆ. ಬಿಸಿಲಿಗೆ ಕಪ್ಪಾದ ಮೈಬಣ್ಣ, ಅಗಲವಾದ ಮೂಗು, ಎಡಹುಬ್ಬಿನ ಮೇಲೆ ಹಳೆಯ ಗಾಯದ ಗುರುತು, ತಲೆಯ ಮೇಲೆ ಬುಟ್ಟಿ. ಬರೆದು ಹೇಳಿದ್ದನ್ನು ಚಿತ್ರವಾಗಿಸುವ ಮಿಡ್‌ಜರ್ನಿ ಎಂಬ ಎಐನಲ್ಲಿ ಒಂದು ಚಿತ್ರವನ್ನು ಪಾತ್ರದ ಆಧಾರವಾಗಿ ಕೊಡುವ ಸೌಲಭ್ಯ 2024ರ ಮಾರ್ಚ್‌ನಲ್ಲಿ ಬಂದಿತ್ತು, ಅದನ್ನೇ ಬಳಸಿದೆವು. ಮೊದಲ ಕ್ಲೋಸಪ್ ನಾವು ಕಲ್ಪಿಸಿಕೊಂಡಿದ್ದ ಹೆಂಗಸೇ ಎದುರು ಬಂದು ನಿಂತಂತೆ ಮೂಡಿತು.

ತಪ್ಪಿದ್ದು ಅಲ್ಲಿಂದ ಮುಂದೆ. ಎರಡನೆಯ ಫ್ರೇಮಿಗೆ ಮೊದಲನೆಯದನ್ನು ಆಧಾರವಾಗಿ ಕೊಟ್ಟೆ. ಮೂರನೆಯದಕ್ಕೆ ಎರಡನೆಯದನ್ನು, ನಾಲ್ಕನೆಯದಕ್ಕೆ ಮೂರನೆಯದನ್ನು ಕೊಟ್ಟೆ. ಅದಕ್ಕೊಂದು ಕಾರಣವೂ ಇತ್ತು: ಮಳೆಯ ದೃಶ್ಯದಲ್ಲಿ ಸೀರೆ ಒದ್ದೆಯಾಗಿತ್ತು, ಕೂದಲು ಕೆದರಿತ್ತು, ಆದ್ದರಿಂದ ಮುಂದಿನ ಶಾಟಿಗೆ ಹಿಂದಿನ ಶಾಟೇ ಹೆಚ್ಚು ಹತ್ತಿರ ಎನಿಸಿತು. ಆದರೆ ಚಿತ್ರ ಬಿಡಿಸುವ ಈ ಎಐ ಮಾದರಿಗಳು ಆಧಾರದ ಚಿತ್ರವನ್ನು ನಕಲು ಮಾಡುವುದಿಲ್ಲ. ಅದರಲ್ಲಿನ ಕೆಲವು ಲಕ್ಷಣಗಳನ್ನು ಮಾತ್ರ ಹೀರಿಕೊಂಡು, ಚುಕ್ಕಿಚುಕ್ಕಿಯ ಗೊಂದಲದಿಂದ ಹೊಸ ಚಿತ್ರವನ್ನು ಬಿಡಿಸುತ್ತವೆ. ಸಿಗದೆ ಹೋದ ಲಕ್ಷಣಗಳ ಜಾಗವನ್ನು ತರಬೇತಿಯಲ್ಲಿ ಹೆಚ್ಚಾಗಿ ಕಂಡ ಮುಖಗಳಿಂದ ತುಂಬಿಕೊಳ್ಳುತ್ತವೆ. ನನಗೆ ದೊರೆತ ಚಿತ್ರಗಳಲ್ಲಿ ಆ ಮುಖ ಪ್ರತಿ ಬಾರಿಯೂ ತುಸು ಎಳೆಯದು, ತುಸು ಬೆಳ್ಳಗಿನದು, ತುಸು ನುಣುಪಾದದ್ದು. ಬಡಗಿ ಮೊದಲ ರೀಪನ್ನು ಅಳತೆಗೆ ಇಟ್ಟುಕೊಳ್ಳದೆ, ಆಗಷ್ಟೇ ಕೊಯ್ದ ರೀಪನ್ನೇ ಅಳತೆಯಾಗಿ ಹಿಡಿದು ಮುಂದಿನದನ್ನು ಕೊಯ್ಯುತ್ತ ಹೋದರೆ ಪ್ರತಿ ಸಲದ ಸಣ್ಣ ತಪ್ಪೂ ಕೂಡುತ್ತ ಹೋಗುತ್ತದೆ, ಇಲ್ಲಿಯೂ ಅದೇ ಆಯಿತು. ಅಕ್ಕಪಕ್ಕದ ಎರಡು ಫ್ರೇಮುಗಳನ್ನು ನೋಡಿದಾಗ ವ್ಯತ್ಯಾಸವೇ ಕಾಣುತ್ತಿರಲಿಲ್ಲ, ಆದ್ದರಿಂದ ನನಗೆ ಗೊತ್ತಾಗಲೂ ಇಲ್ಲ.

ಬೋರ್ಡನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ ನಿರ್ಮಾಪಕರು, ಕೊನೆಯಲ್ಲಿ ಬರುವವಳು ಆಕೆಯ ಮಗಳೇ ಎಂದು ಕೇಳಿದರು. ಅಷ್ಟರಲ್ಲಿ ಕಲಾವಿದರನ್ನು ಹುಡುಕುವವರು ಕೊನೆಯ ಫ್ರೇಮುಗಳನ್ನೇ ನಂಬಿ ಮೂವತ್ತರೊಳಗಿನ ನಟಿಯರಿಗೆ ಆಡಿಷನ್ ಕರೆ ಕಳುಹಿಸಿಯಾಗಿತ್ತು. ಸುಡುವ ಮಧ್ಯಾಹ್ನದ ಬಿಳಿ ಆಕಾಶದೆದುರು ಕಪ್ಪು ಮೈಬಣ್ಣದ ಮುಖ ಕಳೆದುಹೋಗದಂತೆ ಬೆಳಕನ್ನು ಯೋಚಿಸಿದ್ದ ಛಾಯಾಗ್ರಾಹಕರಿಗೆ ಯಾವ ಮುಖವನ್ನು ನಂಬಬೇಕೆಂದೇ ತಿಳಿಯಲಿಲ್ಲ. ಎಲ್ಲವನ್ನೂ ಸರಿಪಡಿಸುವ ಹೊತ್ತಿಗೆ ಜೂನ್ 1 ಬಂದಿತ್ತು. ಕರ್ನಾಟಕ ಕರಾವಳಿಯಲ್ಲಿ ಅಂದಿನಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡದಲ್ಲಿ, ಹರಾಜಿನ ಕಟ್ಟೆ ಖಾಲಿ. ನಮಗೆ ಬೇಕಿದ್ದ ಬಂದರು ಆ ವರ್ಷ ಸಿಗಲಿಲ್ಲ.

ಆದ್ದರಿಂದ ಫ್ರೇಮುಗಳನ್ನು ಮಾಡುವ ಮೊದಲು ಒಂದು ಮೂಲ ಹಾಳೆಯನ್ನು ಮಾಡಿಕೊಳ್ಳಿ. ಎದುರು, ಮುಕ್ಕಾಲು, ಪಕ್ಕ, ಹಿಂಬದಿ ಮತ್ತು ನಿಂತ ಪೂರ್ಣ ಆಕೃತಿ ಅದರಲ್ಲಿರಲಿ. ಹಿನ್ನೆಲೆ ಖಾಲಿಯಿರಲಿ, ಬೆಳಕು ಸಮನಾಗಿರಲಿ. ಪ್ರತಿಯೊಂದು ಫ್ರೇಮಿಗೂ ಆ ಹಾಳೆಯೇ ಆಧಾರವಾಗಬೇಕು, ಹಿಂದಿನ ಫ್ರೇಮ್ ಎಂದೂ ಆಗಬಾರದು. ಆನಿಮೇಷನ್ ಸ್ಟುಡಿಯೊಗಳಲ್ಲಿ ಒಂದೇ ಪಾತ್ರವನ್ನು ಹಲವು ಕೈಗಳು ಬರೆಯುತ್ತಿದ್ದುದರಿಂದ ಅಲ್ಲಿಯೂ ಇದೇ ಕಷ್ಟವಿತ್ತು. 1930ರ ದಶಕದ ಡಿಸ್ನಿ ಸ್ಟುಡಿಯೊದಲ್ಲಿ ಇಂಥ ಮೂಲ ಹಾಳೆಗಳಿಗೆಂದೇ, ಅಂದರೆ ಮಾಡೆಲ್ ಶೀಟುಗಳಿಗೆಂದೇ, ಒಂದು ವಿಭಾಗವಿತ್ತು.

ಸೀಡ್ ಸಂಖ್ಯೆಯನ್ನು ಬದಲಿಸದಿದ್ದರೆ ಮುಖ ಉಳಿಯುತ್ತದೆ ಎಂದು ಹಲವರು ಹೇಳುತ್ತಾರೆ, ಅದನ್ನು ನಂಬಬೇಡಿ. ಸೀಡ್ ಎಂಬ ಆ ಸಂಖ್ಯೆ ನಿರ್ಧರಿಸುವುದು ಚಿತ್ರ ಶುರುವಾಗುವ ಚುಕ್ಕಿಚುಕ್ಕಿಯ ಗೊಂದಲವನ್ನೇ ಹೊರತು ವ್ಯಕ್ತಿಯನ್ನಲ್ಲ. ಕ್ಯಾಮೆರಾದ ಕೋನವನ್ನು ಬದಲಿಸಿ ಬರೆದ ಕೂಡಲೇ ಬೇರೆ ಮುಖ ಬರಬಹುದು. ಪಾತ್ರದ ಹಲವು ಚಿತ್ರಗಳನ್ನು ತೋರಿಸಿ ಮಾದರಿಗೆ ಆ ಪಾತ್ರವನ್ನೇ ಕಲಿಸುವ ಲೋರಾ (LoRA) ತರಬೇತಿ ಇದಕ್ಕಿಂತ ಗಟ್ಟಿಯಾದ ದಾರಿ. ಆದರೆ ತರಬೇತಿಯ ಚಿತ್ರಗಳಲ್ಲೆಲ್ಲ ಒಂದೇ ಹಸಿರು ಸೀರೆಯಿದ್ದು, ವಿವರಣೆಯಲ್ಲಿ ಸೀರೆಯ ಮಾತೇ ಇಲ್ಲದಿದ್ದರೆ, ಆ ಸೀರೆಯೂ ಮುಖದ ಭಾಗವೆಂದು ಮಾದರಿ ಕಲಿತುಬಿಡುತ್ತದೆ. ಬಳಿಕ ಮದುವೆಯ ದೃಶ್ಯದಲ್ಲೂ ಅದೇ ಸೀರೆ ಬರುತ್ತದೆ. ಮಿಡ್‌ಜರ್ನಿಯ 6ನೇ ಆವೃತ್ತಿಯ ಆ ಸೌಲಭ್ಯದಲ್ಲಿ ಪಾತ್ರದ ತೂಕವನ್ನು, ಅಂದರೆ ಆಧಾರದ ಚಿತ್ರವನ್ನು ಎಷ್ಟು ಅನುಸರಿಸಬೇಕೆಂಬ ಸಂಖ್ಯೆಯನ್ನು, 100ಕ್ಕೆ ಇಟ್ಟರೆ ಮುಖ, ಕೂದಲು, ಉಡುಪು ಮೂರನ್ನೂ, 0ಕ್ಕೆ ಇಳಿಸಿದರೆ ಮುಖವನ್ನು ಮಾತ್ರ ಗಮನಿಸುತ್ತದೆ. ಉಡುಪು ಬದಲಾಗುವ ದೃಶ್ಯಗಳಿಗೆ ಈ ವ್ಯತ್ಯಾಸ ಬಹಳ ಮುಖ್ಯ.

ಎಡಬಲದ ವಿಷಯದಲ್ಲಿ ಈ ಮಾದರಿಗಳನ್ನು ನಂಬುವಂತಿಲ್ಲ. ನಮ್ಮ ಗಾಯದ ಗುರುತು ಹುಬ್ಬಿನಿಂದ ಹುಬ್ಬಿಗೆ ಹಾರುತ್ತಿತ್ತು. ಪಾತ್ರ ನೋಡುವ ದಿಕ್ಕನ್ನು ಸರಿಪಡಿಸಲು ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿದರೆ ಸೆರಗು ಬಲಹೆಗಲಿಗೆ ಬರುತ್ತಿತ್ತು. ಇಂಥವನ್ನು ಪ್ರಾಂಪ್ಟಿನಲ್ಲಿ ತಿದ್ದಲು ಹೋಗದೆ ಕೈಯಿಂದಲೇ ಬರೆದು ತಿದ್ದಿ. ಇಬ್ಬರು ಒಟ್ಟಿಗಿರುವ ಶಾಟುಗಳಲ್ಲಿ ಒಬ್ಬರ ಲಕ್ಷಣ ಇನ್ನೊಬ್ಬರಿಗೆ ಸೋರುತ್ತದೆ, ಆದ್ದರಿಂದ ಇಬ್ಬರನ್ನೂ ಬೇರೆಬೇರೆಯಾಗಿ ಮಾಡಿ ಆಮೇಲೆ ಜೋಡಿಸಿ.

ಇಷ್ಟೆಲ್ಲ ಹೇಳಿಯೂ, ಎಲ್ಲ ಫ್ರೇಮುಗಳಲ್ಲೂ ಒಂದೇ ಮುಖ ಬೇಕೆಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಚಿತ್ರ ಬಿಡಿಸುವ ಇನ್ನೊಂದು ಎಐ ಆದ ಸ್ಟೇಬಲ್ ಡಿಫ್ಯೂಷನ್‌ನ ಮೊದಲ ಆವೃತ್ತಿಗಳು 512 ಪಿಕ್ಸೆಲ್ ಉದ್ದಗಲದ ಚಿತ್ರವನ್ನು ಒಳಗೆ 64 ಚೌಕದ ಮನೆಗಳ ಉದ್ದಗಲಕ್ಕೆ ಕುಗ್ಗಿಸಿ ಕೆಲಸ ಮಾಡುತ್ತವೆ. ಲಾಂಗ್ ಶಾಟಿನಲ್ಲಿ 32 ಪಿಕ್ಸೆಲ್ ಅಗಲದ ಮುಖಕ್ಕೆ ಅಲ್ಲಿ ಸಿಗುವುದು 4 ಮನೆಗಳ ಅಗಲ; ಅಷ್ಟರಲ್ಲಿ ಮೂಗೂ ಗಾಯವೂ ನಿಲ್ಲುವುದಿಲ್ಲ. ನಿಲ್ಲಬೇಕಾಗಿಯೂ ಇಲ್ಲ. ಸ್ಟೋರಿಬೋರ್ಡಿನಿಂದ ತಂಡಕ್ಕೆ ತಿಳಿಯಬೇಕಾದದ್ದು ಶಾಟಿನ ಅಳತೆ, ಪಾತ್ರ ಯಾವ ಕಡೆ ನೋಡುತ್ತಿದೆ, ಯಾವ ಕಡೆಯಿಂದ ಒಳಗೆ ಬರುತ್ತದೆ, ಪಾತ್ರಗಳ ನಡುವಿನ ಕಲ್ಪಿತ ರೇಖೆಯನ್ನು ಕ್ಯಾಮೆರಾ ದಾಟಿತೇ ಇಲ್ಲವೇ ಎಂಬುದು. ದೂರದಲ್ಲಿ ನಮ್ಮ ಮೀನುಗಾರ್ತಿಯನ್ನು ಗುರುತಿಸುವುದು ತಲೆಯ ಮೇಲಿನ ಬುಟ್ಟಿ, ಸೊಂಟಕ್ಕೆ ಎತ್ತಿ ಸಿಕ್ಕಿಸಿದ ಸೀರೆ ಮತ್ತು ಅದರ ಬಣ್ಣ. ಅವುಗಳನ್ನು ಬಿಗಿಯಾಗಿ ಹಿಡಿದುಕೊಳ್ಳಿ. ಕ್ಲೋಸಪ್ ಮತ್ತು ಮಿಡ್ ಶಾಟುಗಳಿಗೆ ಮಾತ್ರ ಎಐ ಬಳಸಿ, ಉಳಿದವುಗಳಿಗೆ ಪೆನ್ಸಿಲಿನ ಗೀಟುಗಳೇ ಸಾಕು. ಛಾಯಾಗ್ರಾಹಕರು ಅವುಗಳನ್ನು ಇನ್ನೂ ಬೇಗ ಓದುತ್ತಾರೆ.

ಬೋರ್ಡನ್ನು ಯಾರಿಗಾದರೂ ಕಳುಹಿಸುವ ಮೊದಲು ಎಲ್ಲ ಕ್ಲೋಸಪ್‌ಗಳಿಂದ ಮುಖಗಳನ್ನಷ್ಟೇ ಕತ್ತರಿಸಿ ಒಂದೇ ಪುಟದಲ್ಲಿ ಹಾಕಿ, ಪ್ರತಿಯೊಂದನ್ನೂ ಮೂಲ ಹಾಳೆಯ ಪಕ್ಕದಲ್ಲಿಟ್ಟು ನೋಡಿ, ಅದರ ಹಿಂದಿನ ಫ್ರೇಮಿನ ಪಕ್ಕದಲ್ಲಲ್ಲ. ಮೈಬಣ್ಣವನ್ನೂ ವಯಸ್ಸನ್ನೂ ಮೊದಲು ಪರೀಕ್ಷಿಸಿ, ಏಕೆಂದರೆ ನನ್ನ ಕೆಲಸದಲ್ಲಿ ಮೊದಲು ಜಾರಿದ್ದು ಇವೆರಡೇ. ಬೇರೆಯಾಗಿ ಕಂಡ ಮುಖವನ್ನು ತೇಪೆ ಹಾಕದೆ ಮೂಲ ಹಾಳೆಯಿಂದ ಹೊಸದಾಗಿ ಮಾಡಿಸಿ.